ಹೆಸರುಗಳ ಪಟ್ಟಿ ಬಿಡಿ, ಒಂದು ಆರ್‌ಎನ್‌ಎ ಮಾಡುವ ಕೆಲಸವನ್ನು ಹೇಳಿ

ಆತ್ಮೀಯರೇ,

ಪ್ರೋಟೀನ್ ತಯಾರಿಕೆಗೆ ಸೂಚನೆ ಕೊಡದ ಆರ್‌ಎನ್‌ಎಗಳಿಗೂ ಮಕ್ಕಳ ಮೃದು ಅಂಗಾಂಶಗಳ ಕ್ಯಾನ್ಸರ್‌ಗೂ ಇರುವ ನಂಟಿನ ಕುರಿತು ನೀವು ಕಳುಹಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಹಿಂದಿರುಗಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಮುಂದಾಗುವವರು ಕಡಿಮೆ, ನೀವು ಸಾಕಷ್ಟು ಓದಿಕೊಂಡೇ ಬರೆದಿದ್ದೀರಿ. ಹಾಗಾಗಿ ಅನಿಸಿದ್ದನ್ನೆಲ್ಲ ನೇರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಎರಡನೆಯ ಪುಟದಿಂದ ಆರ್‌ಎನ್‌ಎಗಳ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಪ್ರತಿಯೊಂದರ ಮುಂದೆಯೂ ‘ಗೆಡ್ಡೆಯಲ್ಲಿ ಹೆಚ್ಚಾಗಿದೆ’ ಅಥವಾ ‘ಕಡಿಮೆಯಾಗಿದೆ’ ಎಂಬ ಮಾತು, ಕೊನೆಗೆ ‘ಆದ್ದರಿಂದ ಇವೇ ಕ್ಯಾನ್ಸರ್‌ಗೆ ಕಾರಣ’ ಎಂಬ ತೀರ್ಮಾನ. ಈ ‘ಆದ್ದರಿಂದ’ ನಿಲ್ಲುವುದಿಲ್ಲ. ಗೆಡ್ಡೆಯ ಜೀವಕೋಶವನ್ನು ಬಲಿತ ಸ್ನಾಯುವಿನ ಜೀವಕೋಶದ ಜೊತೆ ಹೋಲಿಸಿದರೆ ನೂರಾರು ಆರ್‌ಎನ್‌ಎಗಳ ಪ್ರಮಾಣ ಬೇರೆಯಾಗಿರುತ್ತದೆ. ಅವುಗಳಲ್ಲಿ ಕೆಲವು ರೋಗಕ್ಕೆ ಕಾರಣವಾಗಿರಬಹುದು, ಕೆಲವು ರೋಗದ ಪರಿಣಾಮ. ಇನ್ನು ಕೆಲವು ಕೇವಲ ಆ ಜೀವಕೋಶ ಇನ್ನೂ ಎಳೆಯದು ಎಂಬುದರ ಗುರುತು. ಕಡಿಮೆಯಾದದ್ದನ್ನು ಮರಳಿ ಕೊಟ್ಟಾಗ, ಹೆಚ್ಚಾದದ್ದನ್ನು ತಡೆದಾಗ ಏನಾಗುತ್ತದೆ ಎಂಬ ಪ್ರಯೋಗ ನಡೆದಿದೆಯೇ? ನಡೆದಿದ್ದರೆ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲೋ, ಇಲಿಗಳಲ್ಲೋ, ರೋಗಿಗಳಲ್ಲೋ? ಈ ಪ್ರಶ್ನೆಗಳಿಗೆ ಉತ್ತರ ಸಿಗದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಎರಡು ಪುಟ ಹೋಗಬಹುದು, ಹೋಗಲಿ.

ಉಳಿಯಬೇಕಾದ ಸಂಗತಿ ನಿಮ್ಮ ನಾಲ್ಕನೆಯ ಪುಟದಲ್ಲಿ ಒಂದೇ ಒಂದು ಸಾಲಾಗಿ ಬಂದು ಹೋಗಿದೆ: ಮಿರ್-206 ಎಂಬ ಪುಟ್ಟ ಆರ್‌ಎನ್‌ಎ. ನನ್ನ ದೃಷ್ಟಿಯಲ್ಲಿ ಇಡೀ ಲೇಖನ ಅಲ್ಲಿಂದ ಹುಟ್ಟಬೇಕು. ಮಕ್ಕಳ ಮೃದು ಅಂಗಾಂಶದ ಸಾರ್ಕೋಮಾಗಳಲ್ಲಿ, ಅಂದರೆ ಸ್ನಾಯುವಿನಂಥ ಅಂಗಾಂಶಗಳ ಕ್ಯಾನ್ಸರ್‌ಗಳಲ್ಲಿ, ಸುಮಾರು ಅರ್ಧದಷ್ಟು ರಾಬ್ಡೋಮಯೋಸಾರ್ಕೋಮಾ. ಈ ಗೆಡ್ಡೆಯ ಜೀವಕೋಶಗಳು ಸ್ನಾಯುವಾಗುವ ದಾರಿಯಲ್ಲಿ ಅರ್ಧ ನಡೆದು ನಿಂತಂತೆ ಕಾಣುತ್ತವೆ. ಸ್ನಾಯುವಿನ ಬೆಳವಣಿಗೆಯನ್ನು ನಡೆಸುವ ಮಯೋಡಿ, ಮಯೋಜೆನಿನ್ ಎಂಬ ಪ್ರೋಟೀನ್‌ಗಳು ಅವುಗಳಲ್ಲಿವೆ. ರೋಗಶಾಸ್ತ್ರಜ್ಞರು ಈ ಗೆಡ್ಡೆಯನ್ನು ಗುರುತಿಸುವುದೂ ಅವುಗಳ ನೆರವಿನಿಂದಲೇ. ಆದರೂ ಈ ಜೀವಕೋಶಗಳು ವಿಭಜನೆ ನಿಲ್ಲಿಸಿ ಸ್ನಾಯುವಿನ ಎಳೆಗಳಾಗುವುದಿಲ್ಲ. ಏಕೆ? ನಿಮ್ಮ ಓದುಗ ಈ ಪ್ರಶ್ನೆಯನ್ನು ಕೇಳುವಂತಾಗಬೇಕು.

ಮಿರ್-206 ಸುಮಾರು 22 ಅಕ್ಷರಗಳಷ್ಟು ಉದ್ದದ ಮೈಕ್ರೋ ಆರ್‌ಎನ್‌ಎ. ಸ್ನಾಯುಕೋಶ ಬಲಿಯುತ್ತಾ ಹೋದಂತೆ ಇದರ ಪ್ರಮಾಣ ಏರುತ್ತದೆ. ತನಗೆ ಹೊಂದುವ, ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎಗಳಿಗೆ ಅಂಟಿಕೊಂಡು, ಅವುಗಳಿಂದ ಪ್ರೋಟೀನ್ ತಯಾರಾಗುವುದನ್ನು ಇದು ತಗ್ಗಿಸುತ್ತದೆ. ಹಾಗೆ ತಗ್ಗುವವುಗಳಲ್ಲಿ ಜೀವಕೋಶದ ಬೆಳವಣಿಗೆಗೆ ಒತ್ತಾಸೆಯಾಗುವ ಮೆಟ್ ಎಂಬ ಪ್ರೋಟೀನ್ ಒಂದು. ರಾಬ್ಡೋಮಯೋಸಾರ್ಕೋಮಾದಲ್ಲಿ ಮಿರ್-206 ಬಹಳ ಕಡಿಮೆ. 2009ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಸಂಶೋಧಕರು ಅದನ್ನು ಗೆಡ್ಡೆಯ ಜೀವಕೋಶಗಳಲ್ಲಿ ಮತ್ತೆ ಹೆಚ್ಚಿಸಿದರು. ಮೆಟ್ ಕುಸಿಯಿತು, ಜೀವಕೋಶಗಳು ಸ್ನಾಯುವಿನಂತೆ ಬಲಿಯತೊಡಗಿದವು, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಗೆ ತಡೆ ಬಿತ್ತು. ಕಡಿಮೆಯಾದದ್ದನ್ನು ಮರಳಿ ಕೊಟ್ಟು ನೋಡಿದ ಪ್ರಯೋಗ ಎಂದರೆ ಇದು. ಇಷ್ಟನ್ನು ನಿಧಾನವಾಗಿ, ಹಂತಹಂತವಾಗಿ ಹೇಳಿದರೆ ನಲವತ್ತು ಹೆಸರು ಹೇಳಬೇಕಾಗಿಲ್ಲ.

ನೀವು ಲೇಖನವನ್ನು ಆರಂಭಿಸಿರುವುದು ಮೈಕ್ರೋ ಆರ್‌ಎನ್‌ಎ ಶೋಧಕ್ಕೆ ಸಂದ 2024ರ ನೊಬೆಲ್ ಪ್ರಶಸ್ತಿಯಿಂದ. ಅದನ್ನು ಪಡೆದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅವರ ಹೆಸರು ಹೇಳಿ ಮುಂದೆ ಹೋಗಿದ್ದೀರಿ. 1993ರಲ್ಲಿ ಬೆಳಕಿಗೆ ಬಂದ ಆ ಮೊದಲ ಮೈಕ್ರೋ ಆರ್‌ಎನ್‌ಎ, ಲಿನ್-4, ಸಿಕ್ಕಿದ್ದು ಹೇಗೆ ಎಂಬುದನ್ನು ಮಾತ್ರ ಹೇಳಿಲ್ಲ. ಅದು ಕೆಟ್ಟಿದ್ದ ಪುಟ್ಟ ಹುಳುಗಳಲ್ಲಿ ಜೀವಕೋಶಗಳು ಮುಂದಿನ ಹಂತಕ್ಕೆ ಹೋಗದೆ, ಮರಿಯ ಮೊದಲ ಹಂತದ ವಿಭಜನೆಯನ್ನೇ ಮತ್ತೆ ಮತ್ತೆ ನಡೆಸುತ್ತಿದ್ದವು. ಬಲಿಯಲಾರದ ಜೀವಕೋಶ ಅಲ್ಲಿಯೂ ಇದೆ, ಮಗುವಿನ ಗೆಡ್ಡೆಯಲ್ಲಿಯೂ ಇದೆ. ಈ ಎಳೆಯನ್ನು ಹಿಡಿದರೆ ನಿಮ್ಮ ಆರಂಭಕ್ಕೂ ಒಡಲಿಗೂ ಸಂಬಂಧ ಬೆಳೆಯುತ್ತದೆ. ಈಗ ಅದು ಬರಿಯ ಸುದ್ದಿಯಾಗಿದೆ.

ನೀವು ಪೂರ್ತಿ ಬಿಟ್ಟಿರುವುದು ಡೈಸರ್1 ಜೀನ್. ಇದು ನನಗೆ ನಿಜವಾಗಿ ಬೇಸರ ತಂದ ಕೊರತೆ. ಉದ್ದನೆಯ ಪೂರ್ವರೂಪವನ್ನು ಕತ್ತರಿಸಿ ಮೈಕ್ರೋ ಆರ್‌ಎನ್‌ಎ ಮಾಡುವ ಕಿಣ್ವ ಡೈಸರ್. ತೀರಾ ಚಿಕ್ಕ ಮಕ್ಕಳ ಶ್ವಾಸಕೋಶದಲ್ಲಿ ಬರುವ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಅಪರೂಪದ ಗೆಡ್ಡೆ ಕಾಣಿಸಿಕೊಂಡ ಕುಟುಂಬಗಳಲ್ಲಿ ಈ ಜೀನ್‌ನ ದೋಷ ವಂಶಪಾರಂಪರ್ಯವಾಗಿ ಬರುತ್ತದೆ ಎಂದು 2009ರಲ್ಲಿ ತಿಳಿಯಿತು. ಅಂಥ ಕುಟುಂಬಗಳ ಹುಡುಗಿಯರಲ್ಲಿ ಗರ್ಭಕಂಠದ ರಾಬ್ಡೋಮಯೋಸಾರ್ಕೋಮಾವೂ ಕಂಡುಬಂದಿದೆ. ಮೈಕ್ರೋ ಆರ್‌ಎನ್‌ಎ ತಯಾರಿಕೆಯೇ ಕೆಟ್ಟರೆ ಮಕ್ಕಳಿಗೆ ಗೆಡ್ಡೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕೇ? ಓದುಗರಿಗೆ ನೇರವಾಗಿ ಉಪಯೋಗವಾಗುವ ಮಾತೂ ಇಲ್ಲಿದೆ: ದೋಷ ಇರುವುದು ಗೊತ್ತಾದರೆ ಶಿಶುವಿನ ಎದೆಯ ಚಿತ್ರಣ ಮಾಡಿಸಿ, ಶ್ವಾಸಕೋಶದ ಗೆಡ್ಡೆ ಇನ್ನೂ ಗಾಳಿ ತುಂಬಿದ ಗುಳ್ಳೆಯ ಹಂತದಲ್ಲಿರುವಾಗಲೇ ಪತ್ತೆಹಚ್ಚಬಹುದು. ಆ ಹಂತದಲ್ಲಿ ಗುಣವಾಗುವ ಸಾಧ್ಯತೆ ಹೆಚ್ಚು.

ಸಣ್ಣ ತಿದ್ದುಪಡಿಗಳು ಕೆಲವಿವೆ. ಡಿಎನ್‌ಎಯ ಸುಮಾರು ಶೇ. 2ರಷ್ಟು ಭಾಗ ಪ್ರೋಟೀನ್‌ಗಳಿಗೆ ಸಂಬಂಧಿಸಿದ್ದು ಎಂದಿರುವುದು ಸರಿ, ‘ಉಳಿದ ಶೇ. 98ರಷ್ಟೂ ನಿಯಂತ್ರಣದ ಕೆಲಸ ಮಾಡುತ್ತದೆ’ ಎಂದಿರುವುದು ತಪ್ಪು. ಯೂಯಿಂಗ್ ಸಾರ್ಕೋಮಾ ಹೆಚ್ಚಾಗಿ ಮೂಳೆಯಲ್ಲಿ ಹುಟ್ಟುತ್ತದೆ, ಮೃದು ಅಂಗಾಂಶದಲ್ಲಿಯೂ ಬರಬಹುದು. ಅದನ್ನು ಸ್ಪಷ್ಟವಾಗಿ ಹೇಳಿ. ಪ್ರೋಟೀನ್ ಸೂಚನೆ ಕೊಡದ ಉದ್ದನೆಯ ಆರ್‌ಎನ್‌ಎಗಳಲ್ಲಿ ಒಂದಾದ ಎಚ್19 ಇಲ್ಲವಾಗಿ ಗೆಡ್ಡೆ ಬರುತ್ತದೆ ಎಂದು ಬರೆದಿದ್ದೀರಿ. ಅದರ ಜೀನ್ ಇರುವ 11ನೆಯ ವರ್ಣತಂತುವಿನಲ್ಲಿ, ಅದರ ಪಕ್ಕದಲ್ಲಿಯೇ, ಬೆಳವಣಿಗೆಯನ್ನು ಹೆಚ್ಚಿಸುವ ಐಜಿಎಫ್2 ಎಂಬ ಜೀನ್ ಇದೆ. ಎಚ್19 ಕೆಲಸ ಮಾಡುವುದು ತಾಯಿಯಿಂದ ಬಂದ ಪ್ರತಿಯಲ್ಲಿ, ಐಜಿಎಫ್2 ತಂದೆಯ ಪ್ರತಿಯಲ್ಲಿ. ತಾಯಿಯ ಪ್ರತಿ ಹೋಗಿ ತಂದೆಯದು ಎರಡಾದಾಗ ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಅಷ್ಟರಿಂದಲೇ ತಪ್ಪನ್ನು ಎಚ್19ರ ಮೇಲೆ ಹೊರಿಸಲಾಗದು.

ಇನ್ನು ನಿಮ್ಮ ಕೊನೆಯ ಪುಟ. ‘ಶೀಘ್ರದಲ್ಲೇ ಆರ್‌ಎನ್‌ಎ ಔಷಧಿಗಳು ಈ ಮಕ್ಕಳನ್ನು ಸಂಪೂರ್ಣ ಗುಣಪಡಿಸಲಿವೆ, ಕೀಮೋಥೆರಪಿ ಬೇಕಾಗದು’ ಎಂಬ ವಾಕ್ಯವನ್ನು ಓದಿ ನಾನು ನಿಮ್ಮ ಮೇಲೆ ಸಿಟ್ಟಾದೆ. ಇದನ್ನು ಓದುವವರಲ್ಲಿ ಮಗುವಿಗೆ ನಿನ್ನೆ ತಾನೇ ರೋಗ ಪತ್ತೆಯಾದ ತಂದೆತಾಯಿಗಳು ಇರುತ್ತಾರೆ. ಈಗ ಇರುವ ಚಿಕಿತ್ಸೆಯನ್ನು ಅವರು ಒಂದು ವಾರ ಮುಂದೂಡಿದರೂ ಅದರಲ್ಲಿ ನಮ್ಮ ಪಾಲಿದೆ. ರಾಬ್ಡೋಮಯೋಸಾರ್ಕೋಮಾಕ್ಕೆ ಇಂದಿಗೂ ಆಧಾರ ವಿನ್‌ಕ್ರಿಸ್ಟಿನ್, ಡ್ಯಾಕ್ಟಿನೋಮೈಸಿನ್, ಸೈಕ್ಲೋಫಾಸ್ಫಮೈಡ್‌ನಂಥ ಔಷಧಿಗಳು, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ. ರೋಗ ದೂರಕ್ಕೆ ಹರಡುವ ಮೊದಲು ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಇದನ್ನು ಬರೆಯಿರಿ. ಮೈಕ್ರೋ ಆರ್‌ಎನ್‌ಎಯನ್ನು ಔಷಧಿಯಾಗಿ ಕೊಡುವ ಪ್ರಯತ್ನದ ಕಥೆಯನ್ನೂ ಮುಚ್ಚಿಡಬೇಡಿ: ಮಿರ್-34ರ ನಕಲನ್ನು ವಯಸ್ಕ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ ಎಂಆರ್‌ಎಕ್ಸ್34 ಪರೀಕ್ಷೆಯನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ರೋಗನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆಯಿಂದ ರೋಗಿಗಳು ಸತ್ತಿದ್ದರು. ಸರಿಯಾದ ಆರ್‌ಎನ್‌ಎ ಯಾವುದೆಂದು ತಿಳಿದ ಮೇಲೂ ಅದನ್ನು ಗೆಡ್ಡೆಗೆ ಮಾತ್ರ ತಲುಪಿಸುವುದು, ದೇಹ ಕೆರಳದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸವಾಗಿಯೇ ಉಳಿದಿದೆ.

ಹೊಸ ಕರಡು ಈಗಿನದರ ಅರ್ಧದಷ್ಟಿದ್ದರೆ ಸಾಕು. ಎಚ್19ಕ್ಕೆ ಒಂದು ಪ್ಯಾರಾ, ಉಳಿದ ಜಾಗವನ್ನು ಮಿರ್-206 ಮತ್ತು ಡೈಸರ್1ಗೆ ಕೊಡಿ. ಚಿಕಿತ್ಸೆಯ ಭಾಗವನ್ನು ಮಕ್ಕಳ ಕ್ಯಾನ್ಸರ್ ತಜ್ಞರೊಬ್ಬರಿಗೆ ತೋರಿಸಿ, ಅವರು ಗುರುತು ಹಾಕಿದ ಪ್ರತಿಯನ್ನೂ ಜೊತೆಗೆ ಕಳುಹಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ