ಅನ್ನಸಂತರ್ಪಣೆಯಲ್ಲಿ ಯಾರಾದರೂ ಏನಾದರೂ ಬೆರೆಸಿದರೆ ಲ್ಯಾಬ್‌ಗೆ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮೂರ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ. ದಿನಾ ಸಾವಿರಾರು ಜನರಿಗೆ ಊಟ, ಹೊರೆಕಾಣಿಕೆ ಎಲ್ಲೆಲ್ಲಿಂದಲೋ ಬರುತ್ತದೆ. ಯಾರಾದರೂ ಬೇಕಂತಲೇ ವಿಷ ಬೆರೆಸಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದಾ? ನಾವೇನು ಮಾಡಿಡಬೇಕು?
– ಉಗ್ರಾಣದ ಉಸ್ತುವಾರಿ, ಉಡುಪಿ

ಉತ್ತರ: ಸಿಕ್ಕಿಬೀಳುತ್ತದೆ, ಆದರೆ ಏನನ್ನು ಹುಡುಕಬೇಕು ಅಂತ ಲ್ಯಾಬ್‌ನವರಿಗೆ ಸುಳಿವು ಇರಬೇಕು. ಒಂದು ಡಬ್ಬಿ ಸಾಂಬಾರು ಕೊಟ್ಟು ‘ವಿಷ ಇದೆಯಾ ನೋಡಿ’ ಅಂದರೆ ಸಾಲದು. ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ ಬೇರೆ, ಕೀಟನಾಶಕದ್ದು ಬೇರೆ.

ಆ ಸುಳಿವು ಸಿಗುವುದು ರೋಗಿಯಿಂದ. ಉಂಡ ಸ್ವಲ್ಪ ಹೊತ್ತಿಗೇ ವಾಂತಿ, ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಚಿಕ್ಕದಾಗಿದ್ದರೆ ಡಾಕ್ಟರಿಗೆ ಮೊದಲು ಬರುವುದು ಕೀಟನಾಶಕದ ಅನುಮಾನ. ರಕ್ತದಲ್ಲಿ ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಇಂಥ ವಿಷದಿಂದ ಕಡಿಮೆಯಾಗಿದೆಯಾ ಅಂತ ನೋಡುತ್ತಾರೆ, ಆದರೆ ರಿಪೋರ್ಟಿಗೆ ಕಾಯದೆ ಅದಕ್ಕೆ ಕೊಡುವ ಮದ್ದು ಅಟ್ರೋಪಿನ್ ಶುರು ಮಾಡುತ್ತಾರೆ. ಮರುದಿನ ಜ್ವರ, ಭೇದಿ ಬಂದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು, ಅದನ್ನು ಬೆಳೆಸಿ ಗುರುತಿಸಲು ಎರಡು ಮೂರು ದಿನ ಬೇಕು.

2018ರ ಡಿಸೆಂಬರ್‌ನಲ್ಲಿ ಚಾಮರಾಜನಗರದ ಸುಳ್ವಾಡಿಯಲ್ಲಿ ಪ್ರಸಾದ ತಿಂದು ಹತ್ತಕ್ಕೂ ಹೆಚ್ಚು ಜನ ಸತ್ತಿದ್ದು ನಿಮಗೂ ನೆನಪಿರಬೇಕು. ಅದು ಕೀಟನಾಶಕ. ಅಮೆರಿಕದ ಒರೆಗಾನ್‌ನ ಕಥೆ ಬೇರೆಯೇ. 1984ರಲ್ಲಿ ಅಲ್ಲಿ ಹೋಟೆಲ್‌ಗಳ ಸಲಾಡ್ ತಿಂದ 751 ಜನ ಹಾಸಿಗೆ ಹಿಡಿದರು, ಲ್ಯಾಬ್ ಸಾಲ್ಮೊನೆಲ್ಲಾ ಅಂತ ಹೇಳಿತು, ಆದರೆ ಅಧಿಕಾರಿಗಳು ಅಡುಗೆಯವರ ಕೈ ಸ್ವಚ್ಛ ಇರಲಿಲ್ಲ ಅಂದುಕೊಂಡು ಸುಮ್ನಾದರು! ರಜನೀಶ್ ಆಶ್ರಮದ ಕೆಲವರು ಬೇಕಂತಲೇ ಬೆರೆಸಿದ್ದು ಅಂತ ಬಯಲಾಗಿದ್ದು ಮರುವರ್ಷ, ತನಿಖೆಯಿಂದ. ಲ್ಯಾಬ್ ಏನು ಬೆರೆತಿದೆ ಅಂತ ಹೇಳೀತು, ಯಾಕೆ ಅಂತ ಹೇಳಲಾರದು. ಅದಕ್ಕೇ ಅನುಮಾನ ಬಂದ ದಿನವೇ ಆರೋಗ್ಯ ಇಲಾಖೆ, ಆಹಾರ ಸುರಕ್ಷತಾ ಅಧಿಕಾರಿ, ಪೊಲೀಸ್, ಮೂವರಿಗೂ ತಿಳಿಸಬೇಕು. ವಿಷದ ಪರೀಕ್ಷೆಗೆ ಮಂಗಳೂರಿನಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಆಹಾರ ವಿಶ್ಲೇಷಕರ ವರದಿಗೆ ಕಾನೂನು ಕೊಟ್ಟಿರುವ ಗಡುವು 14 ದಿನ, ಅದು ಕೇಸಿಗೆ ಆಗುತ್ತದೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಅಲ್ಲ.

ಈಗ ನಿಮ್ಮ ಕೆಲಸ. ಬಡಿಸುವ ಮೊದಲೇ ಅನ್ನ, ಸಾರು, ಗಸಿ, ಪಾಯಸ, ಮಜ್ಜಿಗೆ ಎಲ್ಲದರಿಂದಲೂ ಒಂದೊಂದು ಸೌಟು ತೆಗೆದು, ಕುದಿಸಿ ಒಣಗಿಸಿದ ಬೇರೆ ಬೇರೆ ಡಬ್ಬಿಗೆ ಹಾಕಿ, ದಿನಾಂಕ, ಹೊತ್ತು, ತೆಗೆದವರ ಹೆಸರು ಬರೆದು ಮೂರು ದಿನ ಫ್ರಿಜ್‌ನಲ್ಲಿಡಿ. ಬಾವಿ ನೀರೂ ಒಂದು ಬಾಟಲಿ ಇರಲಿ. ಡಬ್ಬಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬರೆದಿಡದಿದ್ದರೆ ಕೋರ್ಟಿನಲ್ಲಿ ವಕೀಲರು ಅಲ್ಲೇ ಹಿಡಿಯುತ್ತಾರೆ. ಹೊರೆಕಾಣಿಕೆಯ ಚೀಲಗಳಿಗೆ ಯಾವ ಊರಿನದು ಅಂತ ಚೀಟಿ ಕಟ್ಟಿ, ಇದನ್ನು ಯಾರೂ ಮಾಡುವುದಿಲ್ಲ! ರಾತ್ರಿ ಉಗ್ರಾಣಕ್ಕೆ ಬೀಗ, ಕೀ ಒಬ್ಬರ ಹತ್ತಿರ.

ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಬಡಿಸುವುದನ್ನು ನಿಲ್ಲಿಸಿ. ಉಳಿದದ್ದನ್ನು ಚೆಲ್ಲಬೇಡಿ. ಪಾತ್ರೆ ತೊಳೆಯುವ ಸ್ವಯಂಸೇವಕರಿಗೂ ಇದನ್ನು ಈಗಲೇ ಹೇಳಿಡಿ, ಯಾಕಂದರೆ ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ತೊಳೆಯುವ ಕೆಲಸವೇ.