ಮಜಾ ಮಾಡೋಕೆ ಬೇಡ, ಹಪ್ಪಳ ಮಾಡೋಕೆ ಕರೆಯಿರಿ

ಬೇಸಿಗೆಯಲ್ಲಿ ಜಾಸ್ತಿ ಖರ್ಚಿಲ್ಲದೆ ಗೆಳೆಯರ ಜೊತೆ ಖುಷಿಯಾಗಿರೋದು ಹೇಗೆ, ಟ್ರಿಪ್ ಅಂದ ಕೂಡಲೇ ಎಲ್ಲರೂ ಸಾವಿರದ ಲೆಕ್ಕದಲ್ಲಿ ಮಾತಾಡುತ್ತಾರೆ ಅಂತ ಕೇಳಿದ್ದೀರಿ. ನನ್ನ ಉತ್ತರ ಸ್ವಲ್ಪ ವಿಚಿತ್ರ ಅನಿಸಬಹುದು. ಗೆಳೆಯರನ್ನು ಮಜಾ ಮಾಡೋಕೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ.

ನಾವೂ ಟ್ರಿಪ್ ಮಾಡಿದವರೇ. 2015ರಲ್ಲಿ ತಲೆಗೆ ಆರು ಸಾವಿರ ಹಾಕಿ ನಾಲ್ಕು ಜನ ಒಂದು ರೆಸಾರ್ಟಿಗೆ ಹೋದೆವು. ಮಧ್ಯಾಹ್ನ ಆಗುವಷ್ಟರಲ್ಲಿ ನಾಲ್ವರೂ ನಾಲ್ಕು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದೆವು. ವಾಪಸ್ ಬರುವಾಗ ಪೆಟ್ರೋಲ್ ಲೆಕ್ಕಕ್ಕೆ ಜಗಳ. ಅದರ ಬಗ್ಗೆ ಇಷ್ಟು ಸಾಕು.

ಮರುವರ್ಷದ ಏಪ್ರಿಲ್ ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ನಮ್ಮ ರೂಮು ಮೂರನೇ ಮಹಡಿಯಲ್ಲಿ, ತಲೆ ಮೇಲೆ ಶೀಟು. ರಾತ್ರಿ ಹನ್ನೊಂದಾದರೂ ಫ್ಯಾನಿನಿಂದ ಬಿಸಿಗಾಳಿ. ಒಬ್ಬನ ಕೆಲಸ ಹೋಗಿತ್ತು, ಇನ್ನೊಬ್ಬ ತಂಗಿ ಮದುವೆಯ ಸಾಲ ತೀರಿಸುತ್ತಿದ್ದ. ಟ್ರಿಪ್ ಅನ್ನೋ ಮಾತನ್ನೇ ಯಾರೂ ಎತ್ತಲಿಲ್ಲ. ಆಗ ಶಿರಸಿ ಕಡೆಯ ಗೆಳೆಯ ಹೇಳಿದ, "ಆಯಿಗೆ ಕೈನೋವು, ಈ ಸಲ ಹಲಸಿನ ಹಪ್ಪಳ ಮಾಡೋಕೆ ಜನ ಇಲ್ಲ. ಬಸ್ ಚಾರ್ಜ್ ನಿಮ್ದು, ಊಟ ನಮ್ದು." ಆಯಿ ಅಂದರೆ ಅವರ ಮನೆಯಲ್ಲಿ ಅಮ್ಮ.

ಅವರ ಊರಿನಲ್ಲಿ ಇದಕ್ಕೆ ಹಪ್ಪಳದ ಕಂಬಳ ಅನ್ನುತ್ತಾರೆ. ಕೋಣ ಓಡಿಸೋ ಕಂಬಳ ಅಲ್ಲ. ಇವತ್ತು ನಿಮ್ಮ ಮನೆಗೆ ಹತ್ತು ಜನ ಬಂದು ಹಪ್ಪಳ ಮಾಡಿಕೊಟ್ಟು ಹೋಗುವುದು, ನಾಳೆ ನೀವು ಅವರ ಮನೆಗೆ ಹೋಗುವುದು. ಕೂಲಿ ಇಲ್ಲ, ಊಟ ಉಂಟು. ನಾನು ತುಮಕೂರಿನವನು. ಹಲಸಿನ ಹಣ್ಣಿಗೆ ನಮ್ಮಲ್ಲೇನೂ ಬರವಿಲ್ಲ, ಆದರೆ ಕಾಯಿಯ ಮೇಲೆ ಇಷ್ಟೊಂದು ಜನ ಮುಗಿಬೀಳೋದನ್ನು ನೋಡಿದ್ದು ಅಲ್ಲೇ.

ಹಪ್ಪಳಕ್ಕೆ ಬಕ್ಕೆ ಹಲಸು ಬೇಕು, ಮೆತ್ತಗೆ ಜಾರುವ ಜಾತಿಯದ್ದು ಆಗುವುದಿಲ್ಲ. ಕಾಯಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕು. ನಮ್ಮಲ್ಲೊಬ್ಬ "ನನಗೆ ಬೇಡ" ಅಂದ. ಸಂಜೆವರೆಗೆ ಮೇಣ ಕೀಳುತ್ತಾ ಕೂತಿದ್ದ, ಜೊತೆಗೆ ಕೈಮೇಲಿನ ಅರ್ಧ ಕೂದಲೂ ಬಂತು. ತೊಳೆ ಬಿಡಿಸಿ, ಬೇಳೆ ಅಂದರೆ ಒಳಗಿನ ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಉಪ್ಪು, ಮೆಣಸಿನಪುಡಿ, ಜೀರಿಗೆ ಜೊತೆಗೇ ಬೀಳುತ್ತದೆ. ಒನಕೆ ಎತ್ತುವಾಗ ಹಿಟ್ಟು ಅದಕ್ಕೇ ಅಂಟಿಕೊಂಡು ಮೇಲೆ ಬರುತ್ತದೆ. ಜಿಮ್ಮಿಗೆ ಹೋಗುತ್ತಿದ್ದವನು ಇಪ್ಪತ್ತು ಏಟಿಗೆ ಕೂತುಬಿಟ್ಟ.

ಆಮೇಲೆ ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು. ಹಾಳೆ ಅಂದರೆ ತೊಳೆದು ಕತ್ತರಿಸಿದ ಹಾಲಿನ ಪ್ಯಾಕೆಟ್. ನನ್ನ ಮೊದಲ ಹಪ್ಪಳ ನಡುವೆ ದಪ್ಪ, ಅಂಚಿನಲ್ಲಿ ಹರಿದಿತ್ತು. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ತಮಾ, ಇದು ಹಪ್ಪಳವೋ ದೋಸೆಯೋ?" ಅಂದರು. ನಡುವೆ ದಪ್ಪ ಇದ್ದರೆ ಒಳಗೆ ಒಣಗುವುದಿಲ್ಲ, ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಆ ದೋಸೆಯನ್ನು ನಾನೇ ತಿಂದೆ. ಒಂದು ಗುಟ್ಟು ಹೇಳುತ್ತೇನೆ, ಹಪ್ಪಳಕ್ಕಿಂತ ಹಪ್ಪಳದ ಹಿಟ್ಟು ರುಚಿ. ಮೇಲೆ ಎರಡು ಹನಿ ತೆಂಗಿನೆಣ್ಣೆ ಹಾಕಿಕೊಳ್ಳಬೇಕು ಅಷ್ಟೇ.

ಹೀಗೆ ಕೈ ಹಿಟ್ಟಾಗಿದ್ದಾಗ ಮೊಬೈಲ್ ಮುಟ್ಟೋಕೆ ಆಗುವುದಿಲ್ಲ. ಮುಖ ನೋಡಿ ಮಾತಾಡಬೇಕು ಅಂತಲೂ ಇಲ್ಲ, ಕಣ್ಣು ಮಣೆಯ ಮೇಲೆ. ಮೂರು ತಿಂಗಳು ಒಂದೇ ರೂಮಿನಲ್ಲಿದ್ದರೂ ಕೆಲಸ ಹೇಗೆ ಹೋಯಿತು ಅಂತ ಬಾಯಿ ಬಿಡದವನು, ಅಲ್ಲಿ ಉಂಡೆ ಕಟ್ಟುತ್ತಾ ಎಲ್ಲ ಹೇಳಿದ. ಯಾರೂ ಬುದ್ಧಿ ಹೇಳೋಕೆ ಹೋಗಲಿಲ್ಲ. ಆಯಿ ಮಾತ್ರ "ಆ ತಟ್ಟೆ ಇತ್ತ ಕೊಡು" ಅಂದರು.

ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ ಹಿಂಡಿ, ನೀರಾಗಿ ಮಾಡಿ, ಉಪ್ಪು ಹಾಕಿ, ಇಂಗು ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಡುತ್ತಾರೆ. ಅನ್ನಕ್ಕೆ ಕಲಸಿಕೊಂಡ ಮೇಲೂ ಲೋಟದಲ್ಲಿ ಇಸಿದುಕೊಂಡು ಕುಡಿಯುವುದು. ಕುಡಿದರೆ ನಿದ್ದೆ ಗ್ಯಾರಂಟಿ ಅಂತಾರೆ. ಜಗಲಿಯ ತಣ್ಣನೆ ನೆಲದಲ್ಲಿ ಚಾಪೆ ಕೂಡ ಹಾಸದೆ ಬಿದ್ದುಕೊಂಡೆವು. ಎಸಿ ರೂಮಿನಲ್ಲೂ ಅಂಥ ನಿದ್ದೆ ಬಂದಿರಲಿಲ್ಲ ನನಗೆ.

ಎಬ್ಬಿಸಿದ್ದು ಗುಡುಗು. ಅಂಗಳದ ತುಂಬ ಹಪ್ಪಳ ಹರವಿದ ಚಾಪೆಗಳು. ಕಾಗೆ ಕಾಯೋಕೆ ಅಂತ ಕೂರಿಸಿದ್ದವನು ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ಒಂದೊಂದು ಚಾಪೆಗೆ ಇಬ್ಬರು, ನಾಲ್ಕು ಮೂಲೆ ಹಿಡಿದು ಓಡಿದ್ದೇ ಓಡಿದ್ದು. ಕೊನೆಯ ಚಾಪೆ ಬಾಗಿಲಿಗೆ ಅಡ್ಡ ಸಿಕ್ಕಿ ಹಪ್ಪಳವೆಲ್ಲ ಜಾರಿ ಒಂದೇ ಕಡೆ ಗುಡ್ಡೆ ಬಿತ್ತು. ಹೊರಗೆ ದಪ್ಪ ಹನಿ, ಮಣ್ಣಿನ ವಾಸನೆ. ಒಳಗೆ ನಾವು ಅಂಟಿಕೊಂಡ ಹಪ್ಪಳ ಬಿಡಿಸುತ್ತಾ ಬಿದ್ದು ಬಿದ್ದು ನಗುತ್ತಿದ್ದೆವು. ಹಿಂದಿನ ವರ್ಷದ ಆರು ಸಾವಿರ ಆಗ ನೆನಪಾಯಿತು.

ಇದನ್ನೆಲ್ಲ ನಾನು "ಸರಳ ಬದುಕು" ಅಂತ ಚಂದವಾಗಿ ಹೇಳಿದರೆ ಆಯಿ ಒಪ್ಪಲಿಕ್ಕಿಲ್ಲ. ನಾವು ಎರಡು ದಿನ ಮಣೆ ಒತ್ತಿ ಫೋಟೊ ತೆಗೆದುಕೊಂಡು ಬಸ್ ಹತ್ತಿದೆವು. ಆಮೇಲೆ ಒಣಗಿಸಿ, ಎಣಿಸಿ, ಕಟ್ಟಿ, ಡಬ್ಬಿಗೆ ತುಂಬಿದ್ದು ಅವರೇ, ಅದೂ ನೋಯುವ ಕೈಯಲ್ಲಿ. ಅದಕ್ಕೇ ಈಗ ನಾಲ್ಕು ದಿನ ರಜೆ ಹಾಕಿ ಹೋಗುತ್ತೇವೆ. 2020ರಲ್ಲಿ ಲಾಕ್‌ಡೌನ್ ಇತ್ತಲ್ವಾ, ಅದೊಂದು ವರ್ಷ ತಪ್ಪಿತು.

ನಿಮಗೆ ಹೋಗೋಕೆ ಊರಿಲ್ಲ ಅಂದರೆ ಬೆಂಗಳೂರಿನಲ್ಲೂ ದಾರಿ ಇದೆ. ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಿಂದ ನಡೆದುಕೊಂಡು ಬಂದ ಸಂಗೀತೋತ್ಸವ ಇದೆ. ಸಂಜೆ ಅತ್ತ ಹೋಗಿ, ಟಿಕೆಟಿಗೆ ದುಡ್ಡಿಲ್ಲದಿದ್ದರೆ ಹೊರಗೆ ಫುಟ್‌ಪಾತಿನಲ್ಲಿ ನಿಂತು ಕೇಳಿ. ನಾವು ಕಡಲೆಕಾಯಿ ತಿನ್ನುತ್ತಾ ಹಾಗೇ ಎಷ್ಟೋ ಸಂಜೆ ಕಳೆದಿದ್ದೇವೆ. ಹಬ್ಬದ ದಿನವಂತೂ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಾರೆ. ಆದರೆ ಸುಮ್ನೆ ಕುಡಿದು ಬರಬೇಡಿ. ಬೆಳಗ್ಗೆ ಏಳಕ್ಕೇ ಹೋಗಿ "ಸೌತೆಕಾಯಿ ಹೆಚ್ಚಿಕೊಡಲಾ?" ಅಂತ ಕೇಳಿ. ಯಾರೂ ಬೇಡ ಅನ್ನುವುದಿಲ್ಲ. ಇಬ್ಬರು ಗೆಳೆಯರನ್ನೂ ಎಳೆದುಕೊಂಡು ಹೋಗಿ.

ಈ ಸಲದ ಹಪ್ಪಳ ಬಸ್ಸಿನಲ್ಲಿ ಬರುವಾಗ ಅರ್ಧ ಮುರಿಯಿತು. ಇಡಿಯಾಗಿ ಉಳಿದ ಹತ್ತನ್ನು ಮೊದಲ ಜೋರು ಮಳೆಗೆ ಕರಿಯೋಣ ಅಂತ ಡಬ್ಬಿಯಲ್ಲಿಟ್ಟಿದ್ದೆ. ಹೋದ ವಾರ ಮೂವರೂ ಮನೆಗೆ ಬಂದು ಹೋದ ಮೇಲೆ ನೋಡಿದರೆ ಏಳೇ ಇವೆ. ಕರಿದ ವಾಸನೆ ಬಂದಿರಲಿಲ್ಲ. ಒಲೆಯ ಮೇಲೆ ಸುಟ್ಟುಕೊಂಡು ತಿಂದಿರಬೇಕು, ಕಳ್ಳರು.