ಹಳೇ ಸೋಫಾದ ಫೋಮ್ ಪುಡಿಯಾಗಿ ಉದುರುತ್ತಿದೆ. ಆ ಧೂಳು ಮಗುವಿಗೆ ಅಪಾಯವೇ?

ಕಾರವಾರದ ಮನೆ, ಅಂಬೆಗಾಲಿಡುವ ಮಗು, ಗಾಬರಿಯಾಗಬೇಕಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಆದರೆ ಉದುರುವ ಫೋಮನ್ನು ಹಾಗೇ ಬಿಡಲೂಬೇಡಿ.

ಬೇಗ ಬೆಂಕಿ ಹತ್ತದಿರಲಿ ಅಂತ ಫೋಮ್, ಟಿವಿಯ ಪ್ಲಾಸ್ಟಿಕ್ಕಿಗೆಲ್ಲ ಪಿಬಿಡಿಇ ಎಂಬ ಬ್ರೋಮಿನ್ ರಾಸಾಯನಿಕಗಳನ್ನು ಸೇರಿಸುತ್ತಿದ್ದರು. ಇವು ಪ್ಲಾಸ್ಟಿಕ್ಕಿನ ಜೊತೆ ಬೆಸೆದುಕೊಳ್ಳುವುದಿಲ್ಲ, ಸುಮ್ನೆ ಬೆರೆತಿರುತ್ತವೆ. ಅದಕ್ಕೇ ಮೆಲ್ಲಗೆ ಹೊರಬಂದು ಧೂಳಿಗೆ ಅಂಟುತ್ತವೆ. ನೆಲದಲ್ಲಿ ಆಡಿ ಕೈ ಬಾಯಿಗಿಡುವ ಮಕ್ಕಳ ಹೊಟ್ಟೆಗೆ ಜಾಸ್ತಿ ಹೋಗುತ್ತವೆ. ಥೈರಾಯ್ಡ್ ಮತ್ತು ಮೆದುಳಿನ ಬೆಳವಣಿಗೆ ಮೇಲಿನ ಪರಿಣಾಮವೇ ಮುಖ್ಯ ಆತಂಕ. ಪರಿಸರದಲ್ಲೂ ಬೇಗ ಕರಗಿ ಹೋಗುವುದಿಲ್ಲ. ಮೀನಿನಂಥ ಜೀವಿಗಳ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತವೆ. ಹಾಗಂತ ಬಂಗಡೆ ಬಿಡಬೇಕಿಲ್ಲ ಬಿಡಿ.

ಫೋಮಿಗೆ ಹಾಕುತ್ತಿದ್ದ ಬಗೆಯ ಪಿಬಿಡಿಇ 2009ರಲ್ಲೇ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ನಿಷೇಧಿತ ಪಟ್ಟಿ ಸೇರಿತು. ಭಾರತ 2018ರ ನಿಯಮದಲ್ಲಿ ಇಂಥ ಕೆಲವನ್ನು ನಿಷೇಧಿಸಿತು. ಹಳೇ ಸಾಮಾನು ಮಾತ್ರ ಮನೆಯಲ್ಲೇ ಇದೆ, ಅಲ್ವಾ? ನಿಮ್ಮ ಸೋಫಾದಲ್ಲಿ ಇದೆಯೋ ಇಲ್ಲವೋ ಕಣ್ಣಲ್ಲಿ ನೋಡಿ ಹೇಳಲಾಗದು.

ಒಣ ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಫಾದ ಅಡಿಯನ್ನೂ ಬಿಡಬೇಡಿ. ಊಟಕ್ಕೆ ಮೊದಲು ಮಗುವಿನ ಕೈ ಸೋಪಿನಲ್ಲಿ ತೊಳೆಯಿರಿ. ಹರಿದ ಕುಶನ್ ಬದಲಿಸಿ.

ನಮ್ಮ ಶಿರಸಿ ಕಡೆ ಕೈಗೆ ಸಿಕ್ಕಿದ್ದನ್ನೆಲ್ಲ ಬಚ್ಚಲ ಒಲೆಗೆ ತುರುಕುವ ಅಭ್ಯಾಸವಿದೆ. ತೆಗೆದ ಫೋಮನ್ನು ಮಾತ್ರ ಸುಡಲೇಬೇಡಿ. ಬ್ರೋಮಿನ್ ಇರುವ ಫೋಮ್ ಉರಿದರೆ ಡಯಾಕ್ಸಿನ್ ಜಾತಿಯ ವಿಷ ಹುಟ್ಟಬಹುದು, ಅದು ಧೂಳಿಗಿಂತ ಕೆಟ್ಟದ್ದು. ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ.